ಮೊದಲ 200 ಕಿಲೋಮೀಟರ್: ಬಿಆರ್‌ಎಂಗೆ ಹೆಸರು ಕೊಡುವ ಮುನ್ನ

ಭಾನುವಾರ ಬೆಳಿಗ್ಗೆ ಖಡಕ್ವಾಸಲಾ ಅಣೆಕಟ್ಟಿನವರೆಗೋ ಸಿಂಹಗಡದ ಬುಡದವರೆಗೋ ಸೈಕಲ್ ತುಳಿದು ಬರುವ ಪುಣೆಯ ಕನ್ನಡಿಗರ ಕಿವಿಗೆ ‘ಬಿಆರ್‌ಎಂ’ (ಬ್ರೆವೆ ದೆ ರಾಂದೊನ್ಯೂರ್ ಮೊಂದಿಯೊ) ಎಂಬ ಹೆಸರು ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ ಇದು. 200 ಕಿಲೋಮೀಟರ್ ಎಂದ ಕೂಡಲೇ ಇದು ನಮ್ಮಿಂದಾಗದ ಕೆಲಸ ಎಂದು ಹಿಂದೆ ಸರಿಯುವವರಿದ್ದಾರೆ. ಇದನ್ನು ಪಂದ್ಯವೆಂದುಕೊಂಡು ಮೊದಲ ಎರಡು ಗಂಟೆಯಲ್ಲೇ ದಣಿದು ಕೂರುವವರೂ ಇದ್ದಾರೆ. ಆದರೆ ಹೊಸಬರಲ್ಲಿ ಬಹಳ ಮಂದಿ ಸೋಲುವುದು ದಾರಿಯಲ್ಲಿ ಲೆಕ್ಕವಿಲ್ಲದೆ ನಿಂತು ಕಳೆದ ಹೊತ್ತಿನಿಂದ. ಕಾಲಿನ ಬಲದ ಪ್ರಶ್ನೆ ಅದರ ನಂತರದ್ದು.

ನಿಯಮಗಳು ಏನು ಹೇಳುತ್ತವೆ

ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ರೂಪಿಸಿದ ನಿಯಮಗಳಂತೆ ನಡೆಯುವ ಈ ಸವಾರಿಗಳನ್ನು ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾ ರಾಂದೊನ್ಯೂರ್ಸ್ ಸಂಸ್ಥೆಯ ಅಡಿಯಲ್ಲಿ ಊರೂರಿನ ಕ್ಲಬ್‌ಗಳು ಏರ್ಪಡಿಸುತ್ತವೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಎಂದು ಕಾಲಮಿತಿ ಇರುತ್ತದೆ. ಊಟ, ವಿಶ್ರಾಂತಿ, ಪಂಕ್ಚರ್, ನಿದ್ದೆ ಎಲ್ಲವೂ ಈ ಮಿತಿಯೊಳಗೇ ಸೇರಿವೆ. ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ. ಮೊದಲ, ಎರಡನೆಯ ಸ್ಥಾನಗಳೆಂಬುದು ಇಲ್ಲ. ಎಂಟು ಗಂಟೆಯಲ್ಲಿ ಮುಗಿಸಿದವರಿಗೂ ಕೊನೆಯ ನಿಮಿಷದಲ್ಲಿ ಬಂದು ತಲುಪಿದವರಿಗೂ ಸಿಗುವ ಮಾನ್ಯತೆ ಒಂದೇ.

ಸವಾರಿಯ ಆರಂಭದಲ್ಲಿ ಕೈಗೆ ಒಂದು ಬ್ರೆವೆ ಕಾರ್ಡ್ ಕೊಡುತ್ತಾರೆ. ದಾರಿಯಲ್ಲಿ ಗೊತ್ತುಪಡಿಸಿದ ‘ಕಂಟ್ರೋಲ್’ಗಳಲ್ಲಿ ಅದರ ಮೇಲೆ ಸಮಯ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಸ್ವಯಂಸೇವಕರಿಲ್ಲದ ಕಂಟ್ರೋಲ್‌ಗಳಲ್ಲಿ ಅಂಗಡಿಯ ಬಿಲ್ಲೋ ಎಟಿಎಂ ಚೀಟಿಯೋ ಸಾಕ್ಷಿಯಾಗುತ್ತದೆ. ಯಾವುದನ್ನು ಒಪ್ಪುತ್ತಾರೆ ಎಂಬುದನ್ನು ಹೊರಡುವ ಮುನ್ನವೇ ಕೇಳಿಟ್ಟುಕೊಳ್ಳುವುದು ಕ್ಷೇಮ. ಬೆವರಿಗೆ ಕಾರ್ಡು ನೆನೆದು ಅಕ್ಷರ ಅಳಿಸಿಹೋಗುವುದುಂಟು, ಆದ್ದರಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಯೇ ಜೇಬಿಗಿಡಬೇಕು.

ನಡುವಿನ ಕಂಟ್ರೋಲ್‌ಗೂ ಮುಚ್ಚುವ ಸಮಯವಿರುತ್ತದೆ. ಬೆಳಿಗ್ಗೆ 6ಕ್ಕೆ ಹೊರಟ ಸವಾರಿಯಲ್ಲಿ 100ನೇ ಕಿಲೋಮೀಟರ್‌ನ ಕಂಟ್ರೋಲ್ ಮಧ್ಯಾಹ್ನ 12.40ಕ್ಕೆ ಮುಚ್ಚಿದರೆ, ಕೊನೆಯ ಗೆರೆ ಸಂಜೆ 7.30ಕ್ಕೆ ಮುಚ್ಚುತ್ತದೆ. ಮಾರ್ಗದ ನಿಜವಾದ ಉದ್ದ 200ಕ್ಕಿಂತ ನಾಲ್ಕೈದು ಕಿಲೋಮೀಟರ್ ಹೆಚ್ಚಿದ್ದರೂ ಸಮಯ ಹೆಚ್ಚುವುದಿಲ್ಲ.

ಮನೆಯವರು ಕಾರಿನಲ್ಲಿ ಹಿಂದೆಯೇ ಬಂದು ನೀರು, ತಿಂಡಿ ಕೊಡುವಂತಿಲ್ಲ ಎಂಬ ಇನ್ನೊಂದು ನಿಯಮ ಹೊಸಬರಿಗೆ ಅಚ್ಚರಿ ತರುತ್ತದೆ. ಹೊರಗಿನ ನೆರವಿಗೆ ಕಂಟ್ರೋಲ್‌ಗಳಲ್ಲಿ ಮಾತ್ರ ಅವಕಾಶವಿದೆ. ರಸ್ತೆಯಲ್ಲಿರುವಷ್ಟು ಹೊತ್ತು ಸವಾರರು ತಮ್ಮ ರಿಪೇರಿ, ತಮ್ಮ ಊಟ, ತಮ್ಮ ದಾರಿಯನ್ನು ತಾವೇ ನೋಡಿಕೊಳ್ಳಬೇಕು. ಇಡೀ ಪರಂಪರೆಯ ಜೀವಾಳ ಇದೇ ಎಂದು ನನ್ನ ಭಾವನೆ.

ಸಿದ್ಧತೆ

ಹೆಲ್ಮೆಟ್ ಕಡ್ಡಾಯ. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಮತ್ತು ಬೆಳಕಿಗೆ ಹೊಳೆಯುವ ಜಾಕೆಟ್ ಇಲ್ಲದಿದ್ದರೆ ಹೊರಡಲು ಬಿಡುವುದಿಲ್ಲ. ಆರಂಭಕ್ಕೆ ಮೊದಲು ಸ್ವಯಂಸೇವಕರು ಇವನ್ನೆಲ್ಲ ನೋಡಿಯೇ ಕಾರ್ಡು ಕೊಡುತ್ತಾರೆ. ಸೈಕಲ್ ಇಂಥದ್ದೇ ಆಗಬೇಕೆಂದಿಲ್ಲ. ಗಿಯರ್ ಇರುವ ಹೈಬ್ರಿಡ್ ಸೈಕಲ್ ಮೊದಲ 200ಕ್ಕೆ ಧಾರಾಳವಾಗಿ ಸಾಕು, ಆದರೆ ಮೋಟಾರಿನ ಸಹಾಯ ಇರಕೂಡದು. ದುಬಾರಿ ಸೈಕಲ್ ಕೊಳ್ಳುವ ಮುನ್ನ ಸೀಟಿನ ಎತ್ತರ, ಹ್ಯಾಂಡಲ್‌ನ ದೂರ ಸರಿಮಾಡಿಸಿಕೊಳ್ಳಿ. ಮೊಣಕಾಲಿನ ನೋವು, ಅಂಗೈ ಜೋಮು ಹಿಡಿಯುವುದು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತವೆ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯನ್ನು ಒಳಉಡುಪಿಲ್ಲದೆ ತೊಡಬೇಕು. ತೊಡೆಸಂದಿಗೆ ವ್ಯಾಸಲೀನ್ ಸವರಿಕೊಂಡರೆ ಚರ್ಮ ಉಜ್ಜಿ ಗಾಯವಾಗುವುದು ತಪ್ಪುತ್ತದೆ.

ಅಭ್ಯಾಸವನ್ನು ಎರಡು ತಿಂಗಳಿಗೆ ಹಂಚಿಕೊಳ್ಳುವುದು ಒಳ್ಳೆಯದು. 50 ಕಿಲೋಮೀಟರಿನಿಂದ ಆರಂಭಿಸಿ ಪ್ರತಿ ವಾರಾಂತ್ಯಕ್ಕೆ ಹತ್ತು ಹದಿನೈದು ಏರಿಸುತ್ತ, ಹಳೆಯ ಹೆದ್ದಾರಿಯಲ್ಲಿ ಲೋಣಾವಳಕ್ಕೆ ಹೋಗಿ ಬರುವ ಸುಮಾರು 130 ಕಿ.ಮೀ. ಮುಗಿಸುವಷ್ಟಾದರೆ ಶರೀರ ಸಿದ್ಧವಾಗಿದೆ ಎನ್ನಬಹುದು. (ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ.) ಸಾಸವಡದ ದಾರಿಯ ಬೋಪದೇವ ಘಾಟ್ ಏರುವ ಅಭ್ಯಾಸವಿದ್ದರೆ, ಸಾತಾರಾ ಕಡೆಯ ಮಾರ್ಗದಲ್ಲಿ ಖಂಬಾಟ್ಕಿ ಘಾಟ್ ಎದುರಾದಾಗ ಎದೆಗುಂದುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಸವಾರಿಗಳು ಹೊಸಬರಿಗೆ ಹೇಳಿ ಮಾಡಿಸಿದಂಥವು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮೊದಲ ಪ್ರಯತ್ನ ಬೇಡ.

ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿಯಿರಿ

ಹೆದ್ದಾರಿಯ ಅಂಚಿನಲ್ಲಿ ಗಾಜಿನ ಚೂರಿಗಿಂತ ಹೆಚ್ಚು ಕಾಡುವುದು ಲಾರಿ ಟಯರ್ ಒಡೆದಾಗ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿ. ಅದು ಟಯರಿನೊಳಗೆ ನುಸುಳಿ ಟ್ಯೂಬಿಗೆ ಸೂಜಿಮೊನೆಯಷ್ಟೇ ತೂತು ಮಾಡುತ್ತದೆ. ಟ್ಯೂಬ್ ಬದಲಿಸಿ ತಂತಿಯನ್ನು ಹಾಗೆಯೇ ಬಿಟ್ಟು ಹೊರಟರೆ ಹತ್ತೇ ನಿಮಿಷದಲ್ಲಿ ಹೊಸ ಟ್ಯೂಬಿನ ಗಾಳಿಯೂ ಹೋಗಿರುತ್ತದೆ. ಇದಕ್ಕೊಂದು ಉಪಾಯವಿದೆ. ಟಯರ್ ಕೂರಿಸುವಾಗಲೇ ಅದರ ಮೇಲಿನ ಕಂಪನಿಯ ಹೆಸರು ಗಾಳಿ ಹಾಕುವ ವಾಲ್ವ್‌ನ ನೇರಕ್ಕೇ ಬರುವಂತೆ ನೋಡಿಕೊಳ್ಳಬೇಕು. ಪಂಕ್ಚರ್ ಆದಾಗ ಹೊರತೆಗೆದ ಟ್ಯೂಬಿಗೆ ಗಾಳಿ ಹಾಕಿ, ತೂತು ವಾಲ್ವ್‌ನಿಂದ ಎಷ್ಟು ಗೇಣು ದೂರದಲ್ಲಿದೆ ಎಂದು ಅಳೆದರೆ, ಟಯರಿನ ಮೇಲೂ ಹೆಸರಿನಿಂದ ಎಡಕ್ಕೋ ಬಲಕ್ಕೋ ಅಷ್ಟೇ ದೂರದಲ್ಲಿ ತಂತಿ ಸಿಗುತ್ತದೆ. ಟಯರಿನ ಒಳಮೈ ಮೇಲೆ ಬೆರಳನ್ನು ಮೆಲ್ಲಗೆ ಸವರಿ ಅದನ್ನು ಗುರುತಿಸಿ, ಉಗುರು ಕತ್ತರಿಯ ತುದಿಯಿಂದ ಹಿಡಿದು ಎಳೆದು ತೆಗೆಯಬೇಕು.

ಎರಡು ಟ್ಯೂಬ್, ಟಯರ್ ಬಿಚ್ಚುವ ಲಿವರ್, ಪಂಪ್, ಪ್ಯಾಚ್ ಮತ್ತು ಒಂದು ಸಣ್ಣ ಟಾರ್ಚ್ ಜೊತೆಗಿರಲಿ. ಹಿಂದಿನ ಚಕ್ರವನ್ನು ಬಿಚ್ಚಿ ಕೂರಿಸುವುದು ಮುಂದಿನದಕ್ಕಿಂತ ಕಷ್ಟ, ಆದ್ದರಿಂದ ಅಭ್ಯಾಸವನ್ನು ಹಿಂದಿನದರ ಮೇಲೆಯೇ ಮಾಡಿ.

ಹೊತ್ತಿನ ಲೆಕ್ಕ

ಗಂಟೆಗೆ 20 ಕಿ.ಮೀ. ವೇಗದಲ್ಲಿ ತುಳಿದರೆ 200 ಕಿ.ಮೀ.ಗೆ ಹತ್ತು ಗಂಟೆ ಹಿಡಿಯುತ್ತದೆ. ಉಳಿದ ಮೂರೂವರೆ ಗಂಟೆ ನಿಲ್ಲುವುದಕ್ಕೆ ಸಿಗುತ್ತದೆ. ವೇಗ 18ಕ್ಕೆ ಇಳಿದರೆ ಈ ಉಳಿತಾಯ ಎರಡು ಗಂಟೆ ಇಪ್ಪತ್ತು ನಿಮಿಷದಷ್ಟಕ್ಕೆ ಇಳಿಯುತ್ತದೆ. ಇದು ಸಾಕಷ್ಟು ದೊಡ್ಡ ಉಳಿತಾಯವೇ ಹೌದು, ಆದರೆ ಕರಗುವುದು ಗೊತ್ತೇ ಆಗುವುದಿಲ್ಲ. ಚಹಾಕ್ಕೆಂದು ಗುಂಪಿನಲ್ಲಿ ನಿಂತಾಗ ಒಬ್ಬರ ಚಹಾ ಮುಗಿಯುವಷ್ಟರಲ್ಲಿ ಇನ್ನೊಬ್ಬರಿಗೆ ವಡಾಪಾವ್ ಬೇಕಾಗುತ್ತದೆ, ಮತ್ತೊಬ್ಬರು ಫೋನಿನಲ್ಲಿರುತ್ತಾರೆ; ಐದು ನಿಮಿಷದ ನಿಲುಗಡೆ ಅರ್ಧ ಗಂಟೆಯಾಗುತ್ತದೆ. ನಿಲ್ಲುವ ಮೊದಲೇ ಏನೇನು ಮಾಡಬೇಕೆಂದು ಮನಸ್ಸಿನಲ್ಲಿ ಪಟ್ಟಿ ಹಾಕಿಕೊಂಡು, ಅವನ್ನಷ್ಟೇ ಮುಗಿಸಿ ಹೊರಡಬೇಕು. ಗುಂಪು ಹೊರಡದಿದ್ದರೆ ಹೇಳಿ ಮುಂದೆ ಹೋಗುವುದರಲ್ಲಿ ಯಾವ ಸಂಕೋಚವೂ ಬೇಡ. ಮಧ್ಯಾಹ್ನದ ಎದುರುಗಾಳಿ ವೇಗವನ್ನು ಎಷ್ಟು ತಿನ್ನುತ್ತದೆಂದು ಹೇಳಲಾಗದು, ಹೀಗಾಗಿ ತಂಪು ಹೊತ್ತಿನಲ್ಲೇ ಒಂದಷ್ಟು ಸಮಯ ಕೂಡಿಹಾಕಿಕೊಳ್ಳುವುದು ಜಾಣತನ.

ಹೊಟ್ಟೆಯ ವಿಚಾರವೂ ಈ ಲೆಕ್ಕಕ್ಕೇ ಸೇರಿದ್ದು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೋಗುತ್ತಿದ್ದರೆ ಶಕ್ತಿ ಕುಂದುವುದಿಲ್ಲ. ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಸಿವಾಗುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು. ಹಾಳೆಯಲ್ಲಿ ಸುತ್ತಿ ಜೇಬಿಗಿಟ್ಟ ಶೇಂಗಾ ಹೋಳಿಗೆ ಕೆಡುವುದಿಲ್ಲ, ಚೆಲ್ಲುವುದಿಲ್ಲ, ಸಿಹಿಯೂ ಜಿಡ್ಡೂ ಹದವಾಗಿರುತ್ತವೆ. ಪೇಟೆಯ ದುಬಾರಿ ಜೆಲ್‌ಗಳಿಗಿಂತ ಇದನ್ನೇ ನಾನು ಮೆಚ್ಚುತ್ತೇನೆ. ಖಾರದ ಮಿಸಳ್ ಮಾತ್ರ ಸವಾರಿ ಮುಗಿದ ಮೇಲೆ ತಿಂದರೆ ಸಾಕು. ಬಿಸಿಲಿನಲ್ಲಿ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿ ತಲೆಸುತ್ತು, ವಾಂತಿ ಕಾಣಿಸಿಕೊಳ್ಳಬಹುದು, ಆದ್ದರಿಂದ ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ನೋವಿನ ಮಾತ್ರೆ ನುಂಗಿ ತುಳಿಯುವ ಅಭ್ಯಾಸ ಕೆಟ್ಟದ್ದು. ನೀರು ಕಡಿಮೆಯಾದ ಶರೀರದಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು.

ಕತ್ತಲಾದ ಮೇಲೆ ರಸ್ತೆ ಬದಿಯಲ್ಲಿ ದೀಪವಿಲ್ಲದೆ ನಿಂತ ಲಾರಿ, ರಾಂಗ್ ಸೈಡಿನಿಂದ ಬರುವ ಬೈಕು ಇವೆರಡರ ಮೇಲೆ ಕಣ್ಣಿರಬೇಕು. ಘಾಟ್ ಇಳಿಯುವಾಗ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಿರಿ.

ಮುಂದುವರಿಯಲಾಗದು ಎನ್ನಿಸಿದರೆ ನಿಲ್ಲಿಸಿಬಿಡಬೇಕು, ಅದರಲ್ಲಿ ಅವಮಾನವೇನಿಲ್ಲ. ಆದರೆ ಆಯೋಜಕರಿಗೆ ಫೋನ್ ಮಾಡಿ ತಿಳಿಸಲೇಬೇಕು; ಹೇಳದೆ ಮನೆಗೆ ಹೋದವರನ್ನು ಸ್ವಯಂಸೇವಕರು ರಾತ್ರಿಯೆಲ್ಲ ಹುಡುಕುತ್ತ ಕೂರಬೇಕಾಗುತ್ತದೆ. ಹಿಂದಿರುಗುವ ವ್ಯವಸ್ಥೆಯೂ ಸವಾರರದೇ, ಹಾಗಾಗಿ ಟೆಂಪೊ ಬಾಡಿಗೆಗೆ ಆಗುವಷ್ಟು ನಗದು ಕೈಯಲ್ಲಿರಲಿ.

ಮುಗಿಸಿದ ಮೇಲೆ ಕಾರ್ಡಿಗೆ ಸಹಿ ಮಾಡಿ ಒಪ್ಪಿಸಬೇಕು. ಪ್ಯಾರಿಸ್ಸಿನಿಂದ ಮಾನ್ಯತೆ ಬರಲು ಸಮಯ ಹಿಡಿಯುತ್ತದೆ. 200, 300, 400, 600 ನಾಲ್ಕನ್ನೂ ನವೆಂಬರ್‌ನಿಂದ ಅಕ್ಟೋಬರ್‌ವರೆಗಿನ ಒಂದೇ ಋತುವಿನಲ್ಲಿ ಪೂರೈಸಿದವರು ‘ಸೂಪರ್ ರಾಂದೊನ್ಯೂರ್’ (ರಾಂದೊನ್ಯೂರ್ ಎಂದರೆ ದೂರದ ಸವಾರಿ ಮಾಡುವವರು) ಎನ್ನಿಸಿಕೊಳ್ಳುತ್ತಾರೆ. 600 ಎಂದರೆ ಪುಣೆಯಿಂದ ನಿಪ್ಪಾಣಿ ದಾಟಿ ಸಂಕೇಶ್ವರದ ಆಸುಪಾಸಿಗೆ ಹೋಗಿ ಮರಳುವಷ್ಟು ದೂರ. 1891ರಲ್ಲಿ ಆರಂಭವಾಗಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿ.ಮೀ.ಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಅರ್ಹತೆ ಸಿಗುವುದೂ ಈ ನಾಲ್ಕರಿಂದಲೇ, ಮುಂದಿನದು 2027ರಲ್ಲಿದೆ. 300 ಮತ್ತು ಅದಕ್ಕಿಂತ ಉದ್ದದ ಸವಾರಿಗೆ ಹೊರಡುವವರು ಇನ್ನೊಂದು ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು: ನಿದ್ದೆಗೆಟ್ಟ ಕಣ್ಣಿನಲ್ಲಿ ಕಾರನ್ನಾಗಲಿ ಬೈಕನ್ನಾಗಲಿ ತಾವೇ ಓಡಿಸಿಕೊಂಡು ಮನೆಗೆ ಹೋಗದೆ, ಮನೆಯವರಲ್ಲೊಬ್ಬರನ್ನು ಬರಹೇಳಿರಬೇಕು, ಇಲ್ಲವೇ ಮುಕ್ತಾಯದ ಸ್ಥಳದ ಹತ್ತಿರವೇ ನಾಲ್ಕು ಗಂಟೆ ಮಲಗಿ ಹೊರಡಬೇಕು.