ಓಮ್ನಿಯ ಎಕ್ಸಾಸ್ಟ್ ಲೀಕ್: ಬಿಗಿದು ಕೂತ ಸ್ಟಡ್ ಬಿಚ್ಚುವುದು ಹೇಗೆ?

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಕಡೆಯಿಂದ ಟಿಕ್ ಟಿಕ್ ಅಂತ ಸದ್ದು. ಆಕ್ಸಲರೇಟರ್ ಒತ್ತಿದರೆ ಜಾಸ್ತಿಯಾಗುತ್ತದೆ, ಸ್ವಲ್ಪ ದೂರ ಓಡಿ ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ತುಂಬಾ ಜನ ಇದನ್ನು ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದು ಅಂದುಕೊಂಡು ಸುಮ್ಮನಾಗುತ್ತಾರೆ. ಬಿಸಿಯಾದಾಗ ಕಡಿಮೆಯಾಗುವ ಟಿಕ್ ಟಿಕ್ ಕೇಳಿದರೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್‌ನ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಕಳಿಸುವ ಭಾಗ, ನೋಡಿ. ಲೋಹ ಹಿಗ್ಗಿ ಸಂದು ಮುಚ್ಚಿಕೊಂಡಾಗ ಸದ್ದು ಅಡಗುತ್ತದೆ, ಅಷ್ಟೇ. ಲೀಕ್ ಹೋಗಿರುವುದಿಲ್ಲ.

ಮಾರುತಿ ಓಮ್ನಿಯಲ್ಲಿ ಇದನ್ನು ಮುಂದೂಡಲೇಬಾರದು. 2019ರಲ್ಲಿ ತಯಾರಿಕೆ ನಿಂತರೂ ನಮ್ಮ ಊರುಗಳಲ್ಲಿ ಶಾಲಾ ಮಕ್ಕಳನ್ನು, ತರಕಾರಿ ಮೂಟೆಗಳನ್ನು ಹೊತ್ತು ಇನ್ನೂ ಎಷ್ಟೋ ಓಮ್ನಿಗಳು ಓಡುತ್ತಿವೆ ಅಲ್ವಾ? ಅದರ 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಮ್ಯಾನಿಫೋಲ್ಡ್‌ನಲ್ಲಿ ಲೀಕ್ ಆದ ಹೊಗೆ ಸೀಟಿನ ಸಂದಿಯಿಂದ ನೇರ ಒಳಗೇ ಬರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕಿಟಕಿ ಮುಚ್ಚಿ ಓಡಿಸುವಾಗ ತಲೆನೋವು, ವಾಕರಿಕೆ, ಮಂಪರು ಬಂದರೆ ಗಾಡಿ ನಿಲ್ಲಿಸಿ ಎಲ್ಲರೂ ಕೆಳಗಿಳಿಯಿರಿ.

ಲೀಕ್ ಎಲ್ಲಿದೆ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಸೀಟು ಎತ್ತಿ, ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಮತ್ತು ಹೆಡ್ (ಎಂಜಿನ್‌ನ ಮೇಲ್ಭಾಗದ ಅಲ್ಯೂಮಿನಿಯಂ ತುಂಡು) ಸೇರುವ ಗೆರೆಯನ್ನು ನೋಡಿ. ಕಪ್ಪು ಮಸಿ ಚಿಮ್ಮಿದ ಗುರುತು ಇದ್ದರೆ ಅದೇ ಜಾಗ. ಸಿಗಲಿಲ್ಲವೇ? ತಣ್ಣಗಿರುವ ಎಂಜಿನ್‌ನ ಸಂದುಗಳಿಗೆ ಸೋಪು ನೀರು ಹಚ್ಚಿ, ಗಾಳಿ ಊದುವ ಬ್ಲೋವರ್‌ನಿಂದ ಸೈಲೆನ್ಸರ್ ಬಾಯಿಗೆ ಗಾಳಿ ಕೊಡಿ. ಗುಳ್ಳೆ ಎದ್ದಲ್ಲಿ ಲೀಕ್. ಇಂಜೆಕ್ಷನ್ ಇರುವ ಗಾಡಿಯಾದರೆ ಈ ಸಂದಿಯಿಂದ ಹೊರಗಿನ ಗಾಳಿ ಒಳಹೋಗಿ ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ.

ಇನ್ನು ಬಿಚ್ಚುವ ಕೆಲಸ. ಮ್ಯಾನಿಫೋಲ್ಡ್ ಮತ್ತು ಹೆಡ್ ನಡುವಿನ ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಾಯಿಸುವುದು ಸುಲಭ, ಅದಕ್ಕೂ ಮುಂಚೆ ಸ್ಟಡ್ (ಹೆಡ್‌ಗೆ ತಿರುಗಿಸಿ ಕೂರಿಸಿದ, ತಲೆಯಿಲ್ಲದ ಬೋಲ್ಟ್) ಮುರಿಯದಂತೆ ಅದರ ನಟ್ ಬಿಚ್ಚುವುದೇ ಕಷ್ಟ. ದಿನಾ ಕೆಂಡದಂತೆ ಕಾದು ಆರಿದ ಸ್ಟಡ್ ಬಲ ಕಳೆದುಕೊಂಡಿರುತ್ತದೆ. ಅದರ ಮೇಲೆ ತುಕ್ಕು. ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗ ಕೇಳುವುದರಿಂದ ಥ್ರೆಡ್‌ನೊಳಗೆ ಅದು ತುಂಬಿಕೊಂಡು ನಟ್ ಕಚ್ಚಿಬಿಡುತ್ತದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಓಡಿದ ಗಾಡಿಯಾದರೆ ಕೇಳುವುದೇ ಬೇಡ. ಇಂಥ ಕಡೆ ಬಲಕ್ಕಿಂತ ಸಮಯ ಮುಖ್ಯ. ಶನಿವಾರ ಸಂಜೆ ಎಣ್ಣೆ ಬಿಟ್ಟು ಭಾನುವಾರ ಬಿಚ್ಚುವ ಹಾಗೆ ಯೋಚಿಸಿಕೊಳ್ಳಿ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೆಳಗಿನಿಂದ ಕೈ ಹಾಕಬೇಕಾದರೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ವೈರ್ ಬ್ರಶ್‌ನಿಂದ ಹೊರಗೆ ಕಾಣುವ ಥ್ರೆಡ್ ತಿಕ್ಕಿ, ಎಂಜಿನ್ ತಣ್ಣಗಿರುವಾಗ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಡಬ್ಲ್ಯೂಡಿ-40 ಎಲ್ಲಾ ಕಡೆ ಸಿಗುತ್ತದೆ, ಆದರೆ ಇದೇ ಕೆಲಸಕ್ಕೆಂದು ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಸಿಕ್ಕರೆ ಅದೇ ವಾಸಿ. ನಟ್ ತಲೆಗೆ ಸಣ್ಣ ಸುತ್ತಿಗೆಯಿಂದ ಹಗುರಾಗಿ ನಾಲ್ಕು ತಟ್ಟು ಕೊಡಿ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ.

ನಟ್‌ಗೆ ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯದ್ದು ತುಕ್ಕು ತಿಂದ ನಟ್‌ನ ಅಂಚು ಸವೆಸುತ್ತದೆ. ಹಿಡಿಸಿದ ಮೇಲೆ ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆ ಅಲುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಅಲುಗಿತೇ? ಕಾಲು ಸುತ್ತು ಬಿಚ್ಚಿ, ಅದರ ಅರ್ಧದಷ್ಟು ವಾಪಸ್, ಎಣ್ಣೆ, ಮತ್ತೆ ಕಾಲು ಸುತ್ತು. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಒಂದೇ ಏಟಿಗೆ ಎಳೆದರೆ ಸ್ಟಡ್ ಕತ್ತರಿಸುತ್ತದೆ. ರಬ್ಬರಿನ ಹಾಗೆ ಮೆತ್ತಗೆ ತಿರುಗಿದಂತೆ ಅನ್ನಿಸಿದರೆ ಅದು ನಟ್ ಬಿಚ್ಚುತ್ತಿರುವುದಲ್ಲ, ಸ್ಟಡ್ ತಿರುಚಿಕೊಳ್ಳುತ್ತಿರುವುದು. ತಕ್ಷಣ ನಿಲ್ಲಿಸಿ.

ಆಗ ಶಾಖವೇ ದಾರಿ. ಕಚ್ಚಿದ್ದು ನಟ್ ಆದರೆ ಬ್ಲೋ ಟಾರ್ಚ್‌ನಿಂದ ನಟ್ ಕಾಯಿಸಿ, ಅದು ಹಿಗ್ಗಿ ಹಿಡಿತ ಸಡಿಲುತ್ತದೆ. ನಟ್ ಬಂದು ಸ್ಟಡ್ ಹೆಡ್‌ನೊಳಗೇ ಉಳಿದಿದ್ದರೆ ಸುತ್ತಲಿನ ಅಲ್ಯೂಮಿನಿಯಂ ಕಾಯಿಸಬೇಕು. ಉಕ್ಕಿಗಿಂತ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ತೂತು ಅಗಲವಾಗುತ್ತದೆ. ಆದರೆ ಜೋಪಾನ, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೆಡ್‌ನ ಮಿಶ್ರಲೋಹ ಅದಕ್ಕೂ ಮುಂಚೆಯೇ, ಕಬ್ಬಿಣದ ಹಾಗೆ ಮೊದಲು ಕೆಂಪಾಗಿ ಎಚ್ಚರಿಸುವುದಿಲ್ಲ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಬಿಸಿಯಾದ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಥ್ರೆಡ್‌ನೊಳಗೆ ಇಳಿಯುತ್ತದೆ, ಹಳೆಯ ಮೆಕ್ಯಾನಿಕ್‌ಗಳ ಈ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಬೆಂಕಿ ಹಚ್ಚುವ ಮುಂಚೆ ಎಣ್ಣೆಯನ್ನೆಲ್ಲಾ ಒರೆಸಿ, ಪೆಟ್ರೋಲ್ ಪೈಪ್ ಎಲ್ಲಿದೆ ನೋಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಗಾಡಿಗೆ ಎಲ್‌ಪಿಜಿ ಕಿಟ್ ಇದ್ದರೆ ಈ ಕೆಲಸ ಮನೆಯಲ್ಲಿ ಬೇಡವೇ ಬೇಡ, ಗ್ಯಾರೇಜಿಗೇ ಕೊಡಿ.

ಸ್ಟಡ್ ಹೊರತೆಗೆಯಲು ಎರಡು ನಟ್ ಸಾಕು. ಎರಡನ್ನೂ ಸ್ಟಡ್‌ಗೆ ಹಾಕಿ ಒಂದಕ್ಕೊಂದು ಗಟ್ಟಿಯಾಗಿ ಲಾಕ್ ಮಾಡಿ, ಒಳಗಿನ ನಟ್‌ಗೆ ಸ್ಪ್ಯಾನರ್ ಹಾಕಿ ಬಿಚ್ಚುವ ಕಡೆಗೆ ತಿರುಗಿಸಿದರೆ ಸ್ಟಡ್ಡೇ ತಿರುಗಿ ಬರುತ್ತದೆ.

ಮುರಿದೇ ಹೋಯಿತೇ? ಮ್ಯಾನಿಫೋಲ್ಡ್ ತೆಗೆದ ಮೇಲೆ ಸ್ವಲ್ಪ ತುಂಡು ಹೊರಗೆ ಚಾಚಿದ್ದರೆ ವೈಸ್ ಗ್ರಿಪ್‌ನಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಹಿಡಿಯಲು ಏನೂ ಇಲ್ಲದಿದ್ದರೆ ತುಂಡಿನ ಮೇಲೆ ಹೊಸ ನಟ್ ಇಟ್ಟು ಅದರ ತೂತಿನ ಒಳಗಿನಿಂದ ವೆಲ್ಡ್ ಮಾಡಿಸುವುದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ. ಹಿಡಿಯಲು ತಲೆಯೂ ಸಿಗುತ್ತದೆ, ವೆಲ್ಡಿಂಗ್ ಶಾಖಕ್ಕೆ ತುಕ್ಕೂ ಬಿಡುತ್ತದೆ. ಕಂಪ್ಯೂಟರ್ ಇರುವ ಗಾಡಿಯಾದರೆ ವೆಲ್ಡಿಂಗ್‌ಗೆ ಮುಂಚೆ ಅದರ ಕನೆಕ್ಟರ್ ತೆಗೆಸಿ. ಕೊನೆಯ ದಾರಿ ಡ್ರಿಲ್: ನಟ್ಟನಡುವೆ ಪಂಚ್ ಗುರುತು, 3 ಎಂಎಂ ಬಿಟ್‌ನಿಂದ ಶುರು, ನೇರ ಕೈ. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಎಷ್ಟೋ ಸಲ ಕೊರೆಯುವಾಗಲೇ ತುಂಡು ಹೊರಬರುತ್ತದೆ. ಮುರಿದ ತುಂಡಿನ ತೂತಿಗೆ ಹಾಕಿ ತಿರುಗಿಸಿ ತೆಗೆಯುವ ಈಸಿ ಔಟ್ ಅನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅದು ಗಟ್ಟಿ ಉಕ್ಕು, ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದಿಲ್ಲ, ಆಮೇಲೆ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಹೊತ್ತೊಯ್ಯಬೇಕು. ತೂತಿನ ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಿ.

ಜೋಡಿಸುವಾಗ ಹಳೆಯ ಸ್ಟಡ್, ನಟ್, ಗ್ಯಾಸ್ಕೆಟ್ ಯಾವುದನ್ನೂ ಉಳಿಸಿಕೊಳ್ಳಬೇಡಿ. ಬೆಂಗಳೂರಿನವರಿಗೆ ಗಾಡಿ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಇದ್ದೇ ಇದೆ, ಹಳೆಯದನ್ನು ಕೈಯಲ್ಲಿ ಹಿಡಿದುಹೋಗಿ ಉದ್ದ, ಥ್ರೆಡ್ ಹೊಂದಿಸಿ ತನ್ನಿ. ಮ್ಯಾನಿಫೋಲ್ಡ್ ಮುಖಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಸೊಟ್ಟಗಾಗಿದ್ದರೆ ಬೋರಿಂಗ್ ಅಂಗಡಿಯಲ್ಲಿ ಮಟ್ಟ ಮಾಡಿಸಿ, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಬೇಗ ಹೋಗುತ್ತದೆ. ಥ್ರೆಡ್‌ಗೆ ಶಾಖ ತಡೆಯುವ ಆಂಟಿ ಸೀಜ್ (ಥ್ರೆಡ್ ಕಚ್ಚದಂತೆ ತಡೆಯುವ ಪೇಸ್ಟ್) ತೆಳ್ಳಗೆ ಸವರಿ, ಮುಂದಿನ ಸಲ ಬಿಚ್ಚುವವರಿಗೆ ಈ ಪಾಡು ಇರುವುದಿಲ್ಲ. ನಡುವಿನ ನಟ್‌ನಿಂದ ಶುರುಮಾಡಿ ಎರಡೂ ತುದಿಗಳ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 8 ಎಂಎಂ ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು, ಆದರೆ ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಸರಿ. ಆಂಟಿ ಸೀಜ್ ಸವರಿದ ಥ್ರೆಡ್ ಅದೇ ಟಾರ್ಕ್‌ಗೆ ಜಾಸ್ತಿ ಬಿಗಿಯುವುದರಿಂದ ಕೈ ಸ್ವಲ್ಪ ಹಿಂದಿರಲಿ.

ಗಾಡಿಯನ್ನು ಬಯಲಿಗೆ ತಂದು ಸ್ಟಾರ್ಟ್ ಮಾಡಿ. ಎಣ್ಣೆ ಸುಡುವ ಹೊಗೆ ಸ್ವಲ್ಪ ಹೊತ್ತು ಬರುತ್ತದೆ, ಗಾಬರಿ ಬೇಡ, ಸೀಟು ಎತ್ತಿಟ್ಟೇ ಅದೆಲ್ಲಾ ಹೋಗಲಿ. ಪೂರ್ತಿ ತಣ್ಣಗಾದ ಮೇಲೆ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಇನ್ನೊಮ್ಮೆ ನೋಡಿ, ಸೋಪು ನೀರಿನ ಪರೀಕ್ಷೆ ಮತ್ತೆ ಮಾಡಿ. ಗುಳ್ಳೆ ಬರದಿದ್ದರೆ ಮಾತ್ರ ಮಕ್ಕಳನ್ನು ಹತ್ತಿಸಿ.