ಟೂ ವೀಲ್ ಡ್ರೈವ್ ಗಾಡಿಯಲ್ಲಿ ತೋಟದ ಏರು ಹತ್ತುವುದು

ನಮ್ಮ ತೋಟ ಮಡಿಕೇರಿ ಹತ್ತಿರದ ಗಾಳಿಬೀಡಿನಿಂದ ಆಚೆ. ಡಾಂಬರು ಬಿಟ್ಟ ಮೇಲೆ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ಅದರಲ್ಲಿ ಎರಡು ಏರು. ಬೇಸಿಗೆಯಲ್ಲಿ ಆಟೋ ಕೂಡ ಬರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ತನಕ ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಜೀಪ್ ಇದ್ದವರೇ ರಾಜರು. ನನ್ನ ಹತ್ತಿರ ಇರುವುದು 2014ರ ಬೊಲೆರೊ, ಟೂ ವೀಲ್. ಎಂಜಿನ್‌ನ ಬಲವೆಲ್ಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದನ್ನೇ ಇಟ್ಟುಕೊಂಡು ಮಳೆಗಾಲ ದಾಟುವುದನ್ನು ಕಲಿತಿದ್ದೇನೆ. ಕಲಿಯುವಾಗ ದುಡ್ಡು ಕಳೆದಿದ್ದೂ ಇದೆ.

ಮೊದಲು ಕಳೆದದ್ದು ಗಾಡಿ ಎತ್ತರಿಸಲು. ಒಂದು ವರ್ಕ್‌ಶಾಪಿನಲ್ಲಿ ಹಿಂದಿನ ಲೀಫ್ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿಕೊಟ್ಟರು. ನೋಡಲು ಗತ್ತಾಗಿ ನಿಂತಿತು. ಏರಿನಲ್ಲಿ ಮಾತ್ರ ಮೊದಲಿಗಿಂತ ಜಾಸ್ತಿ ಜಾರತೊಡಗಿತು. ಸ್ಪ್ರಿಂಗ್ ಬಿಗಿಯಾಗಿ ಖಾಲಿ ಗಾಡಿಯ ಹಿಂಭಾಗ ಕುಣಿಯುತ್ತಿತ್ತು, ಚಕ್ರ ನೆಲ ಬಿಡುತ್ತಿತ್ತು. ಆಮೇಲೆ ಸಿಕ್ಕಿದ ಇನ್ನೊಬ್ಬ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: ‘ಅಕ್ಕ, ನಿಮ್ಮ ಗಾಡಿ ತಾಗಿ ನಿಲ್ಲುತ್ತಾ, ಜಾರಿ ನಿಲ್ಲುತ್ತಾ?’

ನೀವೂ ಇದನ್ನೇ ಮೊದಲು ಕೇಳಿಕೊಳ್ಳಿ. ಗಾಡಿ ಸಿಕ್ಕಿಕೊಂಡಾಗ ಇಳಿದು ದಾರಿ ನೋಡಿ. ನಡುವಿನ ದಿಬ್ಬದ ಮೇಲೆ ಹೊಟ್ಟೆ ಉಜ್ಜಿದ ಗುರುತಿದ್ದರೆ ಎತ್ತರ ಸಾಲದು. ಚಕ್ರದ ಜಾಡು ಒಲೆ ಸಾರಿಸಿದ ಹಾಗೆ ನುಣ್ಣಗಿದ್ದರೆ ಹಿಡಿತ ಸಾಲದು. ನಮ್ಮ ಕೆಂಪು ಜಿಗುಟು ಮಣ್ಣಿನಲ್ಲಿ ಬಹುಪಾಲು ಎರಡನೆಯದೇ. ನಾನು ಆ ಪಟ್ಟಿ ತೆಗೆಸಿಬಿಟ್ಟೆ.

ಹಿಡಿತ ಅಂದರೆ ಟೈರ್. ಕಂಪನಿಯ ರಸ್ತೆ ಟೈರಿನ ಸಂದಿಗಳಿಗೆ ನಾಲ್ಕು ಸುತ್ತಿನಲ್ಲೇ ಮಣ್ಣು ತುಂಬಿ, ಚಕ್ರ ಮಡಕೆಯ ಹಾಗೆ ನಯವಾಗುತ್ತದೆ. ಮಡ್ ಟೆರೇನ್ ಟೈರಿಗೆ ಅಗಲ ಸಂದಿ, ಮಣ್ಣನ್ನು ಹೊರಗೆ ಎಸೆಯುತ್ತದೆ. ಹಾಗಂತ ನಾನು ಹಿಂದಿನ ಎರಡಕ್ಕೆ ಮಾತ್ರ ಅದನ್ನು ಹಾಕಿಸಿದೆ. ಹೇಗೂ ಎಳೆಯುವುದು ಅವೆರಡೇ ಅಲ್ವಾ ಅನ್ನುವ ಲೆಕ್ಕ. ತೋಟದಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಸಂಪಾಜೆ ಘಾಟಿ ಇಳಿಯುವಾಗ ಒದ್ದೆ ಡಾಂಬರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಬಂತು. ಎದುರಿಗೆ ಬಸ್ ಇರಲಿಲ್ಲ, ಅಷ್ಟೇ ಪುಣ್ಯ. ಈಗ ನಾಲ್ಕಕ್ಕೂ ಮಣ್ಣು, ಡಾಂಬರು ಎರಡಕ್ಕೂ ಆಗುವ ಆಲ್ ಟೆರೇನ್ ಟೈರ್, ಸ್ಟೆಪ್ನಿಯೂ ಅದೇ. ಕೆಸರಿನಲ್ಲಿ ಸ್ವಲ್ಪ ಹಿಂದೆ, ಡಾಂಬರಿನಲ್ಲಿ ನಂಬಬಹುದು. ವಾರಕ್ಕೆ ಮೂರು ದಿನ ಮಡಿಕೇರಿಗೆ ಹೋಗುವವರಿಗೆ ಇದೇ ಸರಿ. ತೋಟ ಬಿಟ್ಟು ಹೊರಡದ ಗಾಡಿಯಾದರೆ ನಾಲ್ಕಕ್ಕೂ ಮಡ್ ಟೆರೇನ್ ಹಾಕಿ.

ದೊಡ್ಡ ಟೈರ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ನನ್ನ ಗಾಡಿಯ ಅಳತೆ 215/75 ಆರ್ 15, ಅಂದರೆ ಅಗಲ 215 ಮಿಲಿಮೀಟರ್, ಟೈರಿನ ಪಕ್ಕದ ಎತ್ತರ ಅದರ ಶೇಕಡಾ 75, ರಿಮ್ 15 ಇಂಚು. ಅದನ್ನು 235/75 ಮಾಡಿದರೆ ಟೈರಿನ ಒಟ್ಟು ಎತ್ತರ 30 ಮಿಲಿಮೀಟರ್ ಜಾಸ್ತಿಯಾಗುತ್ತದೆ. ಅದರಲ್ಲಿ ಗಾಡಿಯ ಹೊಟ್ಟೆಗೆ ಸಿಗುವುದು ಅರ್ಧ, 15 ಮಿಲಿಮೀಟರ್. ಸ್ಪೀಡೋಮೀಟರ್ 50 ತೋರಿಸುವಾಗ ನೀವು 52ರಲ್ಲಿ ಇರುತ್ತೀರಿ. ಏರಿನಲ್ಲಿ ಎಂಜಿನ್‌ಗೆ ಭಾರ ಬೀಳುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜದ ಹಾಗೆ ನೋಡಿಕೊಳ್ಳಬೇಕು. ನಾನು ಅಳತೆ ಬದಲಿಸಲಿಲ್ಲ.

ಇನ್ನು ಗಾಳಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ. ಡಾಂಬರಿನಲ್ಲಿ 30 ಪಿಎಸ್‌ಐ ಮೇಲಿರುವ ಗಾಳಿಯನ್ನು ಗೇಟಿನ ಹತ್ತಿರ 20ಕ್ಕೆ ಇಳಿಸುತ್ತೇನೆ. ಟೈರ್ ಅಗಲವಾಗಿ ಕೂರುತ್ತದೆ, ಕಲ್ಲಿಗೂ ಬೇರಿಗೂ ಮೈ ಬಗ್ಗಿಸುತ್ತದೆ. 15ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಾಡಿ ತುಂಬ ಲೋಡ್ ಇದ್ದರೆ ಇಷ್ಟು ಇಳಿಸಬೇಡಿ. ವಾಪಸ್ ಡಾಂಬರಿಗೆ ಬಂದ ಕೂಡಲೇ ತುಂಬಿಸಬೇಕು, ಇಲ್ಲದಿದ್ದರೆ ಟೈರ್ ಬಿಸಿಯಾಗಿ ಹಾಳು. ಬ್ಯಾಟರಿಗೆ ಕ್ಲಿಪ್ ಹಾಕುವ 12 ವೋಲ್ಟಿನ ಚಿಕ್ಕ ಕಂಪ್ರೆಸರ್, ಒಂದು ಒಳ್ಳೇ ಗೇಜ್, ಎರಡೂ ಸೀಟಿನ ಕೆಳಗೆ ಇರಲಿ.

ಖಾಲಿ ಗಾಡಿಯ ಹಿಂಭಾಗ ಹಗುರ. ಎಳೆಯುವ ಚಕ್ರದ ಮೇಲೆ ಭಾರವೇ ಇಲ್ಲದಿದ್ದರೆ ಅದು ನೆಲ ಹಿಡಿಯುವುದು ಹೇಗೆ? ಕಾಫಿ ಮೂಟೆ ತುಂಬಿಕೊಂಡು ಬರುವಾಗ ಸಲೀಸಾಗಿ ಹತ್ತಿದ ಏರನ್ನೇ ಖಾಲಿ ಬರುವಾಗ ಹತ್ತಲಾಗದೆ ನಿಂತಿದ್ದೇನೆ. ಮಳೆಗಾಲ ಪೂರ್ತಿ ಮೂರು ಮರಳಿನ ಚೀಲ ಹಿಂದಿನ ಆಕ್ಸಲ್ಲಿನ ಮೇಲೇ ಬರುವ ಹಾಗೆ ಕಟ್ಟಿಡುತ್ತೇನೆ. ತೀರಾ ಸಿಕ್ಕಿಕೊಂಡರೆ ಅದೇ ಮರಳನ್ನು ಚಕ್ರದ ಕೆಳಗೆ ಸುರಿಯಬಹುದು. ಮುಂದಿನ ಚಕ್ರ ಎಳೆಯುವ ಕಾರಾದರೆ ಕಥೆ ಉಲ್ಟಾ. ಏರಿನಲ್ಲಿ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ. ನನ್ನ ಭಾವ ಅವರ ಆಲ್ಟೋವನ್ನು ಮೊದಲನೇ ಏರಿಗೆ ರಿವರ್ಸಿನಲ್ಲಿ ಹತ್ತಿಸುತ್ತಾರೆ. ನೋಡಿದವರು ನಗುತ್ತಾರೆ, ಕಾರು ಮಾತ್ರ ಮನೆ ಮುಟ್ಟುತ್ತದೆ.

ಟೂ ವೀಲ್ ಅಂದರೂ ಕೆಸರಿನಲ್ಲಿ ನಿಜವಾಗಿ ತಿರುಗುವುದು ಒಂದೇ ಚಕ್ರ. ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಇರುವುದೇ ಹಾಗೆ, ಯಾವ ಚಕ್ರ ಜಾರುತ್ತದೋ ಅದನ್ನೇ ತಿರುಗಿಸುತ್ತದೆ, ಗಟ್ಟಿ ನೆಲದಲ್ಲಿರುವುದು ಸುಮ್ಮನೆ ನಿಂತಿರುತ್ತದೆ. ಲಾಕ್ ಆಗುವ ಡಿಫರೆನ್ಷಿಯಲ್ ಸಿಕ್ಕಿದರೆ ಒಳ್ಳೆಯದು. ಬೊಲೆರೊ ನಿಯೋದ ಒಂದು ಮಾಡೆಲ್ಲಿನಲ್ಲಿ ಕಂಪನಿಯಿಂದಲೇ ಬಂದಿತ್ತು. ಇಲ್ಲದವರು ಹ್ಯಾಂಡ್‌ಬ್ರೇಕ್ ಬಳಸಬಹುದು. ನನ್ನ ಗಾಡಿಯಲ್ಲಿ ಅದು ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ. ಎರಡು ಮೂರು ಹಲ್ಲು ಎಳೆದು ಮೆಲ್ಲಗೆ ಆಕ್ಸಲರೇಟರ್ ಕೊಟ್ಟರೆ ಜಾರುವ ಚಕ್ರಕ್ಕೆ ತಡೆಯಾಗಿ ಬಲ ಇನ್ನೊಂದಕ್ಕೂ ಹೋಗುತ್ತದೆ. ಹತ್ತಿದ ಮೇಲೆ ಬಿಡಲು ಮರೆಯಬೇಡಿ. ಒಮ್ಮೆ ಮರೆತು ಬ್ರೇಕ್ ಸುಟ್ಟ ವಾಸನೆಯಲ್ಲಿ ಮನೆಗೆ ಬಂದಿದ್ದೆ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಇದ್ಯಾವುದೂ ಸಾಲದು, ಆಗ ಟೈರಿಗೆ ಸುತ್ತುವ ಚೈನ್. ಎಳೆಯುವ ಎರಡೂ ಚಕ್ರಕ್ಕೆ ಕಟ್ಟಬೇಕು. ಕಟ್ಟಿ ಐವತ್ತು ಮೀಟರ್ ಹೋಗಿ, ಇಳಿದು, ಮತ್ತೆ ಬಿಗಿ ಮಾಡಿ. ಸಡಿಲ ಚೈನ್ ಬ್ರೇಕ್ ಪೈಪನ್ನು ಹರಿಯುತ್ತದೆ. ಡಾಂಬರು ಬಂದ ತಕ್ಷಣ ಬಿಚ್ಚಿ.

ಗಾಡಿಯ ಅಡಿಯಲ್ಲಿ ಎಂಜಿನ್ ಸಂಪ್, ಅಂದರೆ ಆಯಿಲ್ ನಿಲ್ಲುವ ತೊಟ್ಟಿ, ಕಾಪಾಡಲು ಒಂದು ದಪ್ಪ ಕಬ್ಬಿಣದ ಪ್ಲೇಟ್ ಬೋಲ್ಟ್ ಮಾಡಿಸಿ, ಆಯಿಲ್ ಬಿಡಲು ತೂತು ಇರಲಿ. ಹಿಂದಿನ ಆಕ್ಸಲ್ಲಿನ ಗಾಳಿ ಆಡುವ ಬ್ರೀದರಿಗೆ ಉದ್ದ ರಬ್ಬರ್ ಪೈಪ್ ಹಾಕಿ ಮೇಲಕ್ಕೆ ಕಟ್ಟಿಸಿದರೆ ತೋಡು ದಾಟುವಾಗ ಒಳಗೆ ನೀರು ಎಳೆಯುವುದಿಲ್ಲ. ಬಿಚ್ಚಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಹೋಗಿದೆ ಅಂತ ಅರ್ಥ. ಎಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯುವ ಪೈಪ್, ಸ್ನಾರ್ಕೆಲ್, ಬರೀ ಶೋಕಿ. ಅಷ್ಟು ನೀರಿಗೆ ಟೂ ವೀಲ್ ಗಾಡಿ ಇಳಿಸುವುದೇ ತಪ್ಪು.

ಎಳೆಯಲು ಕೊಕ್ಕೆ ಮುಂದೆ ಒಂದು, ಹಿಂದೆ ಒಂದು. ಚಾಸಿಗೆ ಬೋಲ್ಟ್ ಆಗಿರಬೇಕು. ಬಂಪರಿಗೆ ಹಗ್ಗ ಕಟ್ಟಿದರೆ ಬಂಪರ್ ಮಾತ್ರ ಮನೆಗೆ ಬರುತ್ತದೆ. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಹಗ್ಗದ ಮೇಲೆ ಒಂದು ಒದ್ದೆ ಗೋಣಿ ಹಾಕಿ. ಹಗ್ಗ ಸುತ್ತಿ ಗಾಡಿ ಎಳೆಯುವ ಕರೆಂಟ್ ವಿಂಚ್ ಬದಲು ನಾನು ಕೈಯಲ್ಲಿ ಎಳೆಯುವ ವಿಂಚ್ ಇಟ್ಟಿದ್ದೇನೆ. ಅದನ್ನು ಮರಕ್ಕೆ ಕಟ್ಟುವಾಗ ಅಗಲ ಬೆಲ್ಟ್ ಹಾಕಿ, ಮೊದಲು ಮರ ನೋಡಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕಿಗೆ ಕಟ್ಟಿ ಮಾವನವರ ಹತ್ತಿರ ಬೈಸಿಕೊಂಡದ್ದು ನನಗೆ ಇವತ್ತಿಗೂ ನೆನಪಿದೆ. ಗಾಡಿ ಮೇಲೆ ಬಂತು, ಬಳ್ಳಿ ಹೋಯಿತು. ನಾಲ್ಕು ಅಡಿಯ ಎರಡು ಹಲಗೆಗೆ ಹಳೇ ಟೈರಿನ ತುಂಡು ಮೊಳೆ ಹೊಡೆದು ಇಟ್ಟುಕೊಂಡರೆ ಚಕ್ರದ ಕೆಳಗೂ ಆಯಿತು, ಜಾಕಿನ ಅಡಿಗೂ ಆಯಿತು. ಜೊತೆಗೆ ಗುದ್ದಲಿ, ಕತ್ತಿ.

ಏರಿಗೆ ಸೆಕೆಂಡ್ ಗೇರ್, ಒಂದೇ ಸಮನೆ ಆಕ್ಸಲರೇಟರ್. ನಡುವೆ ನಿಂತುಹೋದರೆ ಕ್ಲಚ್ ಒತ್ತಿ ಹಿಂದಕ್ಕೆ ಜಾರಲು ಬಿಡಬೇಡಿ. ಬ್ರೇಕ್ ಹಿಡಿದು, ರಿವರ್ಸ್ ಗೇರಿಗೆ ಹಾಕಿ, ಎಂಜಿನ್ ಹಿಡಿತದಲ್ಲೇ ನೇರ ಕೆಳಗೆ ಬನ್ನಿ. ಏರಿನಲ್ಲಿ ಅಡ್ಡ ತಿರುಗಿಸುವ ಯೋಚನೆಯೇ ಬೇಡ, ಗಾಡಿ ಮಗುಚುವುದು ಆಗಲೇ.

ಬಂಪರಿನ ಮುಂದೆ ದಪ್ಪ ಕಬ್ಬಿಣದ ಬುಲ್ ಬಾರ್ ಹಾಕಿಸಬೇಡಿ, 2017ರ ಕೊನೆಯಲ್ಲೇ ಕೇಂದ್ರ ಸರ್ಕಾರ ಅದರ ಮೇಲೆ ಕ್ರಮ ಕೈಗೊಳ್ಳಲು ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಟೂ ವೀಲನ್ನು ಫೋರ್ ವೀಲ್ ಮಾಡಿಸಲು ಹೊರಟವರಿಗೂ ಇದೇ ಮಾತು. ಮುಂದಿನ ಆಕ್ಸಲ್, ಟ್ರಾನ್ಸ್‌ಫರ್ ಕೇಸ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಹುಡುಕಿ ಕೂರಿಸುವ ದುಡ್ಡಿಗೆ ಹಳೇ ಫೋರ್ ವೀಲ್ ಜೀಪನ್ನೇ ನೋಡಬಹುದು.

ನಾನು ಮಾಡಿಸಿದ್ದರಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಗಾಡಿಗೆ ಮಾಡಿಸಿದ ಕೆಲಸವೇ ಅಲ್ಲ. ಎರಡನೇ ಏರಿನಲ್ಲಿ ಚಕ್ರ ಹೋಗುವ ಅಳತೆಗೆ ಎರಡು ಕಾಂಕ್ರೀಟ್ ಪಟ್ಟಿ ಹಾಕಿಸಿದೆ. ಹಸಿ ಇರುವಾಗಲೇ ಕೋಲಿನಿಂದ ಅಡ್ಡ ಗೀರು ಎಳೆಸಿದ್ದರಿಂದ ಪಾಚಿ ಕಟ್ಟಿದರೂ ಟೈರ್ ಹಿಡಿಯುತ್ತದೆ. ಮೇ ತಿಂಗಳಲ್ಲಿ ದಾರಿಗೆ ಅಡ್ಡ ಚರಂಡಿ ಬಿಡಿಸಿ ನೀರನ್ನು ಪಕ್ಕಕ್ಕೆ ಇಳಿಸುತ್ತೇನೆ.

2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಮುತ್ತ ಗುಡ್ಡ ಜರಿದ ಮೇಲೆ ಇನ್ನೊಂದು ಅಭ್ಯಾಸ ಬಂದಿದೆ. ರಾತ್ರಿ ಪೂರ್ತಿ ಸುರಿದಿದ್ದರೆ ಬೆಳಿಗ್ಗೆ ಮೊದಲು ನಡೆದು ಹೋಗಿ ದಾರಿಯ ಹೊರ ಅಂಚು ನೋಡುತ್ತೇನೆ. ಉದ್ದಕ್ಕೆ ಬಿರುಕು ಕಂಡರೆ, ಇಲ್ಲವೇ ಮೊನ್ನೆ ತನಕ ಇಲ್ಲದ ಜಾಗದಲ್ಲಿ ನೀರು ಒಸರುತ್ತಿದ್ದರೆ, ಆ ದಿನ ಗಾಡಿ ತೆಗೆಯುವುದಿಲ್ಲ. ಮನೆಯಿಂದ ಡಾಂಬರಿಗೆ ನಡೆದರೆ ಅರ್ಧ ಗಂಟೆ, ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣ ಕೊಡೆಯ ಜೊತೆಗೇ ಬಾಗಿಲ ಹಿಂದೆ ತೂಗುಹಾಕಿದ್ದೇನೆ.