ಮೆಟ್ನರ್‌ಗೊಂದು ಇಡೀ ದಿನ

ಜನವರಿ ಮೊದಲ ವಾರವೆಂದರೆ ನಮ್ಮ ಕಾಲೇಜು ರೇಡಿಯೊದಲ್ಲಿ ನೊಣ ಹೊಡೆಯುವ ಕಾಲ. ಹುಡುಗರೆಲ್ಲ ರಜೆಗೆ ಊರಿಗೆ ಹೋಗಿರುತ್ತಾರೆ. ಸ್ಟುಡಿಯೊ ಖಾಲಿ. ಕಂಪ್ಯೂಟರ್ ತನ್ನ ಪಾಡಿಗೆ ತಾನು ಏನೋ ಹಾಕಿಕೊಂಡು ಕೂತಿರುತ್ತದೆ. ಅಮೆರಿಕದ ಈ ಸಣ್ಣ ಊರಿನಲ್ಲಿ ವಾರವೆಲ್ಲ ಸಾಫ್ಟ್‌ವೇರ್ ಕೆಲಸ ಮಾಡಿ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಡೆಸಿಕೊಡುವುದು ನನ್ನ ಸಂಬಳವಿಲ್ಲದ ಚಾಕರಿ. ಆ ಖಾಲಿ ವಾರದಲ್ಲಿ ಒಂದು ದಿನ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ನನಗೆ ಕೊಡಿ ಎಂದು ಕೇಳಿದೆ. ಯಾರ ಸಂಗೀತ ಅಂದರು. ನಿಕೊಲಾಯ್ ಮೆಟ್ನರ್ ಅಂದೆ. ರಖ್ಮಾನಿನೊಫ್ ಅಂದ್ಯಾ ಎಂದು ಇನ್ನೊಮ್ಮೆ ಕೇಳಿದರು.

ಇಬ್ಬರೂ ರಷ್ಯಾದ ಸಂಗೀತ ರಚನಕಾರರು. ಹೆಸರಾಂತ ರಖ್ಮಾನಿನೊಫ್‌ಗೆ ನನ್ನ ಹಂಗು ಬೇಕಿಲ್ಲ. ಮೆಟ್ನರ್ ಆತನ ಗೆಳೆಯ. ರಖ್ಮಾನಿನೊಫ್ ತನ್ನ ನಾಲ್ಕನೇ ಪಿಯಾನೊ ಕನ್ಚೆರ್ಟೊವನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ದೊಡ್ಡ ಕೃತಿ) ಇವನಿಗೆ ಅರ್ಪಿಸಿದ, ಇವನು ತನ್ನ ಎರಡನೆಯದನ್ನು ಅವನಿಗೆ. ಮೂರನೆಯದನ್ನು ಅರ್ಪಿಸಿದ್ದು ಮಾತ್ರ ನಮ್ಮ ಜಯಚಾಮರಾಜ ಒಡೆಯರಿಗೆ. ನಾನು ಮೈಸೂರಿನವನು. 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ಮನೆಯಲ್ಲೇ ರೇಡಿಯೊ ಶುರುಮಾಡಿ, ‘ಆಕಾಶವಾಣಿ’ ಎಂಬ ಹೆಸರು ಚಾಲ್ತಿಗೆ ಬಂದ ಊರಿನವನು ರೇಡಿಯೊದಲ್ಲಿ ಕೂತು ಈ ಕತೆ ಹೇಳದಿದ್ದರೆ ಹೇಗೆ?

ಮೊದಲು ತಾರೀಖಿನ ತಕರಾರು. ಮಾಸ್ಕೋದಲ್ಲಿ ಮೆಟ್ನರ್ ಹುಟ್ಟಿದಾಗ ರಷ್ಯಾ ಹಳೆಯ ಪಂಚಾಂಗದಲ್ಲಿತ್ತು. ಆ ಲೆಕ್ಕದಲ್ಲಿ 1879ರ ಡಿಸೆಂಬರ್ 24, ಈಗಿನ ಲೆಕ್ಕದಲ್ಲಿ 1880ರ ಜನವರಿ 5. ಹಾಗಾಗಿ ಕೆಲವು ಪುಸ್ತಕಗಳಲ್ಲಿ ಹುಟ್ಟಿದ ವರ್ಷವೇ ಬೇರೆ ಇರುತ್ತದೆ. ನಾನು ಜನವರಿ 5 ಹಿಡಿದೆ. ಸ್ಟುಡಿಯೊ ಖಾಲಿ ಇದ್ದದ್ದೂ ಆಗಲೇ.

ನಿಜವಾದ ಕಷ್ಟ ಬೇರೆ. ಈ ಮನುಷ್ಯ ಪಿಯಾನೊ ಇಲ್ಲದೆ ಏನನ್ನೂ ಬರೆಯಲಿಲ್ಲ. ಸಿಂಫನಿ ಇಲ್ಲ, ಒಪೆರಾ ಇಲ್ಲ. ಹದಿನಾಲ್ಕು ಪಿಯಾನೊ ಸೊನಾಟಾ (ಒಂದೆರಡು ವಾದ್ಯಕ್ಕೆಂದೇ ಬರೆದ ದೀರ್ಘ ಕೃತಿ), ಮೂರು ಕನ್ಚೆರ್ಟೊ, ನೂರಕ್ಕೂ ಮೇಲೆ ಹಾಡು, ಪಿಟೀಲಿಗೆ ಮೂರು ಸೊನಾಟಾ, ಐದು ವಾದ್ಯಗಳ ಒಂದು ಕ್ವಿಂಟೆಟ್, ಎಲ್ಲದರಲ್ಲೂ ಪಿಯಾನೊ. ಹನ್ನೆರಡು ಗಂಟೆ ಒಂದೇ ವಾದ್ಯ ಕೇಳಿದರೆ ಕಿವಿ ಜಡ್ಡುಗಟ್ಟುತ್ತದೆ, ಎಂಥ ಅಭಿಮಾನಿಗೂ. ನನ್ನ ಮೊದಲ ಪಟ್ಟಿ ಕೃತಿಗಳು ಹುಟ್ಟಿದ ವರ್ಷದ ಕ್ರಮದಲ್ಲಿತ್ತು. ಶನಿವಾರ ಮನೆಯಲ್ಲಿ ನಾಲ್ಕು ಗಂಟೆ ಅದರಂತೆಯೇ ಕೇಳಿ ನೋಡಿದೆ, ಮೂರನೇ ಗಂಟೆಗೆ ನನಗೇ ತೂಕಡಿಕೆ. ಪಟ್ಟಿ ಹರಿದುಹಾಕಿ ಬೇರೆ ಲೆಕ್ಕ ಹಿಡಿದೆ: ಎರಡು ಪಿಯಾನೊ ಕೃತಿ ಆದಮೇಲೆ ಮನುಷ್ಯನ ದನಿ ಬರಲೇಬೇಕು, ಇಲ್ಲವೇ ಪಿಟೀಲು.

ಅದರ ಮೇಲೆ ಕಾನೂನಿನ ಕಟ್ಟು. ಎಫ್‌ಎಂಗೆ ಅಷ್ಟಿಲ್ಲ, ಆದರೆ ಇಂಟರ್ನೆಟ್ಟಿನಲ್ಲೂ ಬರುವುದರಿಂದ ಮೂರು ಗಂಟೆಯೊಳಗೆ ಒಂದೇ ಸಿ.ಡಿ.ಯಿಂದ ಮೂರಕ್ಕಿಂತ ಹೆಚ್ಚು ಹಾಕುವಂತಿಲ್ಲ, ಒಂದರ ಹಿಂದೊಂದು ಎರಡೇ. ಒಬ್ಬ ಕಲಾವಿದರದ್ದು ನಾಲ್ಕು ದಾಟುವಂತಿಲ್ಲ. ಅಂದರೆ ಹ್ಯಾಮಲಿನ್ ನುಡಿಸಿದ ಸೊನಾಟಾಗಳ ಪೆಟ್ಟಿಗೆ ತೆರೆದಿಟ್ಟು ಕಾಫಿಗೆ ಹೋಗುವ ಹಾಗಿಲ್ಲ. ಹ್ಯಾಮಲಿನ್, ಟೋಜರ್, ಮಿಲ್ನ್, ಡೆಮಿಡೆಂಕೊ, ಸುಡ್ಬಿನ್, ಗಿಲೆಲ್ಸ್ ಎಂದು ಕೈ ಬದಲಿಸುತ್ತಾ ಹೋಗಬೇಕಾಯಿತು. ಆಮೇಲೆ ಗೊತ್ತಾಯಿತು, ಕಾನೂನು ನನಗೆ ಉಪಕಾರವನ್ನೇ ಮಾಡಿತ್ತು. ವಾದ್ಯ ಒಂದೇ ಆದರೂ ಕೈ ಬದಲಾದರೆ ಕಿವಿ ಎಚ್ಚರಾಗುತ್ತದೆ.

ಗಂಟೆಗೊಮ್ಮೆ ಕೇಂದ್ರದ ಹೆಸರು, ಊರು ಹೇಳಲೇಬೇಕು, ಗಂಟೆಗೆ ಹತ್ತಿರದ ಸಹಜವಾದ ಬಿಡುವಿನಲ್ಲಿ. ಮೆಟ್ನರ್‌ನಲ್ಲಿ ಬಿಡುವು ಹುಡುಕುವುದೇ ಕಷ್ಟ. ಮೊದಲ ಕನ್ಚೆರ್ಟೊ ಉಸಿರು ಬಿಡದೆ ಅರ್ಧ ಗಂಟೆ ದಾಟುತ್ತದೆ. ರಷ್ಯಾದ ಕವಿ ತ್ಯುತ್ಚೆವ್‌ನ ಕವಿತೆಯ ಸಾಲುಗಳನ್ನು ತಲೆಯ ಮೇಲೆ ಹೊತ್ತ ‘ಇರುಳ ಗಾಳಿ’ ಸೊನಾಟಾ ಕೂಡ ಹಾಗೆಯೇ. ಇಂಥವನ್ನೆಲ್ಲ ಗಂಟೆ ಕಳೆದು ಐದು ನಿಮಿಷಕ್ಕೆ ಶುರುಮಾಡಿದೆ. ಮಿಕ್ಕ ಸಂದುಗಳಿಗೆ ಸ್ಕಾಜ್ಕಿಗಳಿದ್ದವು, ಒಂದೊಂದೂ ಕೆಲವೇ ನಿಮಿಷದ ಪಿಯಾನೊ ತುಣುಕು. ಇಂಗ್ಲಿಷಿನಲ್ಲಿ ಅವಕ್ಕೆ ‘ಫೇರಿ ಟೇಲ್ಸ್’ ಎಂದು ಹೆಸರಿಟ್ಟು ರೆಕ್ಕೆ ಕಟ್ಟಿಬಿಟ್ಟಿದ್ದಾರೆ. ಅವು ನಮ್ಮ ಅಡಗೂಲಜ್ಜಿ ಕತೆಗಳು, ಒಳಗೆ ಕತ್ತಲೂ ಇದೆ, ಕಾಡೂ ಇದೆ.

ಒಡೆಯರ ಕತೆ ಹತ್ತು ಗಂಟೆಗೆ. ಶುರುವಿನಲ್ಲೇ ಹೇಳಿಬಿಡುವ ಆಸೆಯಿತ್ತು, ತಡೆದುಕೊಂಡೆ. ಸಂಗೀತದ ರುಚಿ ಸಿಗುವ ಮೊದಲೇ ಮಹಾರಾಜರನ್ನು ತಂದರೆ ಕೇಳುವವರಿಗೆ ಅಂಬಾರಿ, ಆನೆ ಮಾತ್ರ ನೆನಪಿರುತ್ತದೆ. ಕತೆ ಇಷ್ಟು: 1921ರಲ್ಲಿ ರಷ್ಯಾ ಬಿಟ್ಟ ಮೆಟ್ನರ್ ಜರ್ಮನಿ, ಫ್ರಾನ್ಸ್ ಸುತ್ತಿ ಕಡೆಗೆ ಲಂಡನ್ನಿನಲ್ಲಿ ನೆಲೆಸಿದ. ಯುದ್ಧದ ಹೊತ್ತಿಗೆ ಆರೋಗ್ಯವೂ ಕೆಟ್ಟಿತು. ಯುದ್ಧ ಮುಗಿದಮೇಲೆ ಒಡೆಯರು ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿ, ಎಚ್‌ಎಂವಿ ಕಂಪನಿಯಿಂದ ಅವನ ಸಂಗೀತವನ್ನು ಅವನ ಕೈಯಲ್ಲೇ ಧ್ವನಿಮುದ್ರಿಸಿಸಿದರು. ಮೂರೂ ಕನ್ಚೆರ್ಟೊಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ, ಗಾಯಕಿ ಶ್ವಾರ್ಟ್ಸ್‌ಕಾಫ್ ದನಿಯಲ್ಲಿ ಹಾಡುಗಳು. 1951ರಲ್ಲಿ ಆತ ಲಂಡನ್ನಿನಲ್ಲೇ ತೀರಿಕೊಂಡ. ಸ್ವಲ್ಪ ತಡವಾಗಿದ್ದರೂ ಆ ಬೆರಳುಗಳ ಸದ್ದು ನಮಗೆ ಸಿಗುತ್ತಿರಲಿಲ್ಲ.

ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುವುದು ನಾಲ್ಕು ನಿಮಿಷ ಚಿಲ್ಲರೆ. ಸಿ.ಡಿ.ಗೆ ಇಳಿಸುವಾಗ ಆ ತುಂಡುಗಳನ್ನು ಹೊಲಿದಿದ್ದಾರೆ, ಕಿವಿಗೊಟ್ಟರೆ ಹೊಲಿಗೆ ಸಿಗುತ್ತದೆ. ಮೂರನೇ ಕನ್ಚೆರ್ಟೊ ಹಾಕಿದೆ. ಮುಂಚೆ ಎರಡೇ ವಾಕ್ಯ ಹೇಳಿದೆ, ಮಿಕ್ಕದ್ದು ಮುಗಿದಮೇಲೆ.

ಎಡವಿದ್ದು ಮಧ್ಯಾಹ್ನ. ಗಿಲೆಲ್ಸ್ ನುಡಿಸಿದ ‘ರೆಮಿನಿಸೆಂಝಾ’ ಸೊನಾಟಾ ಹಾಕಿದ್ದೆ. ಶುರುವಾದ ಮೆಲುದನಿಗೇ ಮರಳಿ ಅದು ಆರಿಹೋಗುತ್ತದೆ. ಕೇಳುತ್ತಾ ಮೈಮರೆತು ಮೈಕ್ ತೆರೆಯುವುದು ತಡವಾಯಿತು. ನಮ್ಮಲ್ಲಿ ಸೈಲೆನ್ಸ್ ಸೆನ್ಸರ್ ಇದೆ. ಹದಿನೈದು ಸೆಕೆಂಡು ಸದ್ದು ಕೇಳದಿದ್ದರೆ ಡೆಡ್ ಏರ್ ಎಂದು ತಿಳಿದು ಕಂಪ್ಯೂಟರಿಗೆ ಕೈ ಒಪ್ಪಿಸುತ್ತದೆ. ಆ ಮೌನದ ಮೇಲೆ ಧಡಾರನೆ ಬಿದ್ದದ್ದು ಬಾಸ್ಕೆಟ್‌ಬಾಲ್ ಟಿಕೆಟಿನ ಜಿಂಗಲ್. ಬೆಳಗಿನ ಮೈಸೂರು ತಟ್ಟೆಗೆ ಈ ಗಂಡಾಂತರವೇ ಇರಲಿಲ್ಲ. ಅದರ ಕರಕರ ಎಲ್ಲಿಯೂ ನಿಲ್ಲುವುದಿಲ್ಲ, ಸೆನ್ಸರ್ ಅದನ್ನೇ ಸಂಗೀತ ಎಂದುಕೊಂಡು ಸುಮ್ಮನಿರುತ್ತದೆ. ಸಂಜೆಯವರೆಗೂ ಒಂದು ಕೈ ಮೈಕಿನ ಮೇಲೇ ಇಟ್ಟುಕೊಂಡು ಕೂತೆ.

ದಿನವೆಲ್ಲ ಬಂದದ್ದು ಆರು ಫೋನ್. ಒಬ್ಬರು ಪಿಯಾನೊ ಟೀಚರ್, ‘ಎಪಿಕಾ’ ಪಿಟೀಲು ಸೊನಾಟಾ ಪೂರ್ತಿ ಕೇಳಲೆಂದು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ಮುಕ್ಕಾಲು ಗಂಟೆ ಕಾರಿನೊಳಗೇ ಕೂತಿದ್ದರಂತೆ. ಇನ್ನೊಬ್ಬರು, ಇವತ್ತು ಬೇರೆ ಯಾರದೂ ಇಲ್ಲವಾ ಎಂದು ವಿಚಾರಿಸಿ ಇಟ್ಟುಬಿಟ್ಟರು.

ಅಪ್ಪ ಮೈಸೂರಿನಿಂದ ಕೇಳುತ್ತಿದ್ದರು. ನಮ್ಮ ಹತ್ತು ಗಂಟೆ ಅವರಿಗೆ ರಾತ್ರಿ ಎಂಟೂವರೆ, ಊಟದ ಹೊತ್ತು. ಕನ್ಚೆರ್ಟೊ ಮುಗಿದು ಮಿಕ್ಕ ಕತೆ ಹೇಳಿದ ತಕ್ಷಣ ವಾಟ್ಸಾಪಿನಲ್ಲಿ ಕರೆ ಬಂತು. ಮಹಾಸ್ವಾಮಿಯವರು ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ್ದು ಅವರಿಗೆ ಗೊತ್ತಿತ್ತು, ರಷ್ಯಾದವನನ್ನು ಸಾಕಿದ್ದು ಗೊತ್ತಿರಲಿಲ್ಲವಂತೆ. “ಚೆನ್ನಾಗಿ ಹೇಳ್ದೆ ಕಣೋ,” ಅಂದರು. “ಆದ್ರೆ ಹಿಂದ್ಗಡೆ ಕರಕರ ಅಂತಿತ್ತಲ್ಲ, ಅದು ನಿನ್ನ ರೇಡಿಯೊದ್ದೋ, ನಮ್ಮನೆ ಇಂಟರ್ನೆಟ್ಟಿಂದೋ?”